ಚುಕ್ಕಿ ಜಾಸ್ತಿಯಾದಾಗ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ದೊಡ್ಡಮ್ಮ ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. 15 ಚುಕ್ಕಿಯಿಂದ 8ರವರೆಗೆ, ಪುಸ್ತಕ ನೋಡದೆ. ಒಂದು ದಿನ ಚುಕ್ಕಿ ಇಡುತ್ತಲೇ ಹೋದರು. ಸಾಲು ಅಂಗಳ ದಾಟಿ ರಸ್ತೆಗೆ ಬಂತು. “ಸಾಕು ದೊಡ್ಡಮ್ಮ, ಗೆರೆ ಎಳೀರಿ” ಅಂದೆ. ನನ್ನ ಮುಖ ನೋಡಿ, “ಯಾವ ಗೆರೆ?” ಅಂದರು. ಕೆಲವು ತಿಂಗಳ ನಂತರ ಡಾಕ್ಟರು ಆಲ್ಜೈಮರ್ ಅಂತ ಹೇಳಿದರು.

ನಾನು ಜೀವರಸಾಯನ ವಿಜ್ಞಾನ ಪಾಠ ಮಾಡುವವಳು. ಈ ಕಾಯಿಲೆಯಲ್ಲಿ ನರಕೋಶದ ಒಳಗೂ ಚುಕ್ಕಿ ಜಾಸ್ತಿಯಾಗುತ್ತದೆ. ಅದಕ್ಕೇ ಆ ಬೆಳಗ್ಗೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ನರಕೋಶದ ಒಳಗೆ ತೀರಾ ಸಣ್ಣ ಕೊಳವೆಗಳಿವೆ. ಕೋಶಕ್ಕೆ ಬೇಕಾದ ಸಾಮಾನೆಲ್ಲ ಅವುಗಳ ಮೇಲೇ ಸಾಗುತ್ತದೆ. ಆ ಕೊಳವೆಗಳನ್ನು ಬಿಗಿಯಾಗಿ ಹಿಡಿದಿರುವುದು ಟೌ ಎಂಬ ಪ್ರೋಟೀನು. ಟೌ ಮೇಲೆ ಫಾಸ್ಫೇಟಿನ ಚುಕ್ಕಿ ಇಡುವ ಕಿಣ್ವಗಳಲ್ಲಿ ಸಿಡಿಕೆ-5 ಒಂದು. ಇದು ಕೆಟ್ಟ ಕಿಣ್ವ ಅಲ್ಲ. ಇದಿಲ್ಲದೆ ಹುಟ್ಟಿದ ಇಲಿಮರಿಗಳಲ್ಲಿ ಮಿದುಳಿನ ಪದರಗಳೇ ಸರಿಯಾಗಿ ಕೂರುವುದಿಲ್ಲ, ಮರಿಗಳು ಉಳಿಯುವುದಿಲ್ಲ. ಇದನ್ನು ಕೆಲಸಕ್ಕೆ ಹಚ್ಚುವ ಜೊತೆಗಾರ ಪ್ರೋಟೀನು ಪಿ-35. ಕೋಶಕ್ಕೆ ಏಟು ಬಿದ್ದಾಗ ಪಿ-35 ತುಂಡಾಗಿ ಪಿ-25 ಆಗುತ್ತದೆ. ಈ ತುಂಡು ಬೇಗ ಸಾಯುವುದಿಲ್ಲ. ಕಿಣ್ವಕ್ಕೆ ಬಿಡುವೇ ಕೊಡುವುದಿಲ್ಲ. ಟೌ ಮೈತುಂಬ ಚುಕ್ಕಿ ಬೀಳುತ್ತದೆ, ಅದು ಕೊಳವೆಯ ಹಿಡಿತ ಬಿಟ್ಟು ತನ್ನಲ್ಲೇ ಗಂಟು ಹಾಕಿಕೊಳ್ಳುತ್ತದೆ. 1906ರಲ್ಲಿ ಜರ್ಮನಿಯ ಆಲೋಯಿಸ್ ಆಲ್ಜೈಮರ್ ಸತ್ತ ರೋಗಿಯ ಮಿದುಳಿನಲ್ಲಿ ಕಂಡಿದ್ದೆಂದು ವಿವರಿಸಿದ್ದು ಇಂಥ ಗಂಟುಗಳನ್ನೇ.

ಹಾಗಾದರೆ ಕಿಣ್ವ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅಂತ ತಿಳಿಯೋದು ಹೇಗೆ? ಫಾಸ್ಫೇಟಿನಲ್ಲಿ ರಂಜಕ ಇರುತ್ತದೆ. ನಾನು ಓದುವಾಗ ಚುಕ್ಕಿಯ ಗುರುತು ಹಿಡಿಯಲು ವಿಕಿರಣ ಸೂಸುವ ರಂಜಕ ಬಳಸುತ್ತಿದ್ದೆವು. ದಪ್ಪ ಅಕ್ರಿಲಿಕ್ ಹಲಗೆಯ ಹಿಂದೆ ಕೂತು, ಎರಡೆರಡು ಗ್ಲೌಸ್ ಹಾಕಿಕೊಂಡು, ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಸಿಕ್ಕಿಸಿಕೊಂಡು ಕೆಲಸ. ಆ ರಂಜಕ ಸುಮಾರು 14 ದಿನಕ್ಕೆ ಅರ್ಧ ಕರಗಿಹೋಗುತ್ತದೆ. ಫಿಲ್ಮ್ ತೊಳೆದು ನೋಡುವಾಗ ಮರುದಿನ. ಅಲ್ಲಿ ಕಾಣುವುದು ಕೆಲಸ ಮುಗಿದ ಮೇಲಿನ ಗುರುತು ಮಾತ್ರ. ಕೆಲಸ ನಡೆಯುತ್ತಿರುವಾಗ ನೋಡಲು ಆಗುತ್ತಿರಲಿಲ್ಲ.

ಆದರೆ ಕಿಣ್ವ ಒಂದು ಸುಳಿವು ಬಿಟ್ಟುಕೊಡುತ್ತದೆ. ಒಂದೊಂದು ಚುಕ್ಕಿ ಇಟ್ಟಾಗಲೂ ಒಂದು ಪ್ರೋಟಾನು, ಅಂದರೆ ಹುಳಿ ತರುವ ಹೈಡ್ರೋಜನ್ ಕಣ, ಹೊರಗೆ ಬೀಳುತ್ತದೆ. ಸುತ್ತಲಿನ ನೀರು ಒಂದು ಚೂರು ಹುಳಿಯಾಗುತ್ತದೆ. ಆ ಹುಳಿಯನ್ನು ಅಳೆದರೆ ಚುಕ್ಕಿಯನ್ನು ಎಣಿಸಿದಂತೆಯೇ ಅಲ್ವಾ?

ದ್ರಾವಣದ ಹುಳಿಯನ್ನು ಟ್ರಾನ್ಸಿಸ್ಟರಿನಿಂದ ಅಳೆಯುವ ದಾರಿಯನ್ನು 1970ರಲ್ಲೇ ನೆದರ್ಲೆಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್ ತೋರಿಸಿದ್ದರು. ತೊಡಕಿದ್ದದ್ದು ಸೂಕ್ಷ್ಮತೆಯಲ್ಲಿ. ಹುಳಿಯ ಅಳತೆಯಾದ ಪಿಎಚ್ ಒಂದು ಅಂಕಿ ಬದಲಾದರೆ ಸಿಗುವ ವೋಲ್ಟೇಜು ಹೆಚ್ಚೆಂದರೆ 59 ಮಿಲಿವೋಲ್ಟ್. ಕಿಣ್ವದ ಪಿಸುಮಾತು ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು.

2019ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿರುವ, ಅಳತೆ-ಮಾನದಂಡಗಳ ರಾಷ್ಟ್ರೀಯ ಸಂಸ್ಥೆ ನಿಸ್ಟ್‌ನ ತಂಡವೊಂದು ಪ್ರಕಟಿಸಿದ ಕೆಲಸ ನನಗೆ ತುಂಬ ಇಷ್ಟ. ಅವರು ಮಾಲಿಬ್ಡಿನಮ್ ಡೈಸಲ್ಫೈಡಿನ ಒಂದೇ ಪದರದಿಂದ ಟ್ರಾನ್ಸಿಸ್ಟರ್ ಮಾಡಿದರು. ಗ್ರೀಸಿಗೆ ಬೆರೆಸುತ್ತಾರಲ್ಲ, ಅದೇ ಕರಿ ಪುಡಿ. ಆ ಪದರದ ದಪ್ಪ ಬರೀ ಮೂರು ಪರಮಾಣು. ಅದರ ಮೇಲೆ, ಕೋಣೆಯ ಬಿಸಿಯಲ್ಲೂ ದ್ರವವಾಗಿಯೇ ಇರುವ ಒಂದು ಉಪ್ಪು. ಇವೆರಡೂ ಸೇರಿ 59 ಮಿಲಿವೋಲ್ಟಿನ ಜಾಗದಲ್ಲಿ ಸುಮಾರು 4.4 ವೋಲ್ಟ್ ಕೊಟ್ಟವು. 75 ಪಟ್ಟು ಜಾಸ್ತಿ! ಪಿಎಚ್‌ನ ಒಂದು ಅಂಕಿಯನ್ನು 10 ಸಾವಿರ ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿನಷ್ಟು ಬದಲಾವಣೆಯೂ ಗೊತ್ತಾಗುತ್ತದೆ. ಇನ್ನೊಂದು ಜಾಣತನ ನೋಡಿ. ಟ್ರಾನ್ಸಿಸ್ಟರನ್ನು ದ್ರವದಲ್ಲಿ ಮುಳುಗಿಸಲೇ ಇಲ್ಲ. ದ್ರವ ಮುಟ್ಟುವ ಭಾಗ ಬೇರೆ, ಅದಕ್ಕೂ ಟ್ರಾನ್ಸಿಸ್ಟರಿಗೂ ದೂರದಿಂದ ಸಂಪರ್ಕ. ಹಾಗಾಗಿ ಟ್ರಾನ್ಸಿಸ್ಟರ್ ಮತ್ತೆ ಮತ್ತೆ ಬಳಕೆಗೆ ಬರುತ್ತದೆ.

ಇದರಿಂದ ಅವರು ಅಳೆದದ್ದು ಸಿಡಿಕೆ-5ರ ಕೆಲಸವನ್ನೇ. ದೇಹದಲ್ಲಿ ಇರುವುದಕ್ಕಿಂತ 5 ಪಟ್ಟು ಕಡಿಮೆ ಕಿಣ್ವ ಇದ್ದರೂ ಲೆಕ್ಕ ಸಿಕ್ಕಿತು. ವಿಕಿರಣ ಬೇಡ, ಗುರುತಿಗೆ ಹಚ್ಚುವ ಬಣ್ಣವೂ ಬೇಡ.

ಇದು ಆಸ್ಪತ್ರೆಯಲ್ಲಿ ಇಟ್ಟು ಕಾಯಿಲೆ ಪತ್ತೆ ಮಾಡುವ ಯಂತ್ರ ಅಂತ ದಯವಿಟ್ಟು ತಿಳಿಯಬೇಡಿ. ಸದ್ಯಕ್ಕೆ ಲ್ಯಾಬಿನ ಸಲಕರಣೆ. ಸಿಡಿಕೆ-5ರ ಅಗತ್ಯದ ಕೆಲಸ ನಿಲ್ಲಿಸದೆ, ಪಿ-25 ಮಾಡಿಸುವ ಅತಿಯನ್ನು ಮಾತ್ರ ತಡೆಯುವ ಮದ್ದು ಬೇಕು. ಅದಕ್ಕೆ ಸಣ್ಣ ಪ್ರೋಟೀನು ತುಣುಕುಗಳನ್ನು ಪರೀಕ್ಷಿಸುತ್ತಿದ್ದಾರೆ. ಇಂಥ ಸಂವೇದಕ ಕೈಲಿದ್ದರೆ ಕಿಣ್ವ ಕೆಲಸ ಮಾಡುತ್ತಿರುವಾಗಲೇ ಒಂದು ತೊಟ್ಟು ಮದ್ದು ಬಿಡಬಹುದು. ಚುಕ್ಕಿ ಇಡುವ ಕೈ ನಿಧಾನವಾಯಿತೋ ಇಲ್ಲವೋ, ಪರದೆಯ ಮೇಲಿನ ಗೆರೆ ಅಲ್ಲೇ ಹೇಳುತ್ತದೆ.

ನಮಸ್ಕಾರ.