ಬಂದ ನೀರು ಎಲ್ಲಿಗೆ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕೋಲಾರ ಜಿಲ್ಲೆಯಲ್ಲಿ ಇಂಜಿನಿಯರ್ ಕಣ್ಣಿಗೆ ಬಿದ್ದರೆ ಜನ ಕೇಳುವುದು ಒಂದೇ: ನಲ್ಲಿಗೆ ನೀರು ಯಾವಾಗ? ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೂವತ್ತು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಈಗ ನಾನೇ ಹೇಳುತ್ತೇನೆ.

ಬೇತಮಂಗಲದ ಕೆರೆಯಿಂದ ಚಿನ್ನದ ಗಣಿಗೆ ನೀರು ಹರಿಸಿದ ಬ್ರಿಟಿಷರ ಕಾಲದ ಕಥೆ ನಿಮಗೆ ಗೊತ್ತೇ ಇದೆ. ಬೆಂಗಳೂರಿಗೆ 1964ರಲ್ಲಿ ಅದರದೇ ಜಲಮಂಡಳಿ ಆಯಿತು. ಉಳಿದ ಊರುಗಳಿಗೆಂದು 1975ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. ಹೆಸರು ಉದ್ದವೆಂದು ಜನ ವಾಟರ್ ಬೋರ್ಡ್ ಎಂದು ಮುಗಿಸಿದರು. ಒಳಚರಂಡಿ ಅಲ್ಲೇ ಉದುರಿಹೋಯಿತು, ಬಾಯಿಂದಲೂ ಮನಸ್ಸಿನಿಂದಲೂ.

ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು, ಎಂದರೆ 108 ಲೀಟರ್, ಬಚ್ಚಲು ಶೌಚಾಲಯ ದಾಟಿ ಒಳಚರಂಡಿಗೆ ಇಳಿಯುತ್ತದೆ. ಪೈಪು ಹಾಕುವುದು ಅದರ ಅಳತೆಗೆ. ಮಳೆ ನೀರಿಗೆ ಅದರಲ್ಲಿ ಜಾಗವಿಲ್ಲ. ಇನ್ನೊಮ್ಮೆ ಹೇಳುತ್ತೇನೆ: ಮಳೆ ನೀರಿಗೆ ಒಳಚರಂಡಿಯಲ್ಲಿ ಜಾಗವಿಲ್ಲ.

ಒಂದು ಊರು, ಹೆಸರು ಬೇಡ. ಬೇಸಿಗೆಯ ಕೊನೆ, ಗುಡುಗಿನ ಮಳೆ. ತಗ್ಗಿನ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ಬಚ್ಚಲಿನಿಂದ ಕೊಳಚೆ ಉಕ್ಕಿ ನಡುಮನೆಗೆ ಬಂದಿತ್ತು. ಅಜ್ಜಿ ಹಪ್ಪಳದ ಡಬ್ಬಿಗಳ ಸಮೇತ ಮಂಚವೇರಿ ಕುಳಿತಿದ್ದರು. "ಬಾರಪ್ಪಾ, ರಸ್ತೆಯೊಳಗೆ ಹೂತ ನಿನ್ನ ಪೈಪು ಮನೆಗೇ ನೆಂಟಸ್ತನಕ್ಕೆ ಬಂದಿದೆ" ಎಂದರು. ಯಂತ್ರ ತರಿಸಿ ಪೈಪು ತೊಳೆಸಿದೆವು. ಹೂಳೂ ಇಲ್ಲ, ಬಟ್ಟೆಯೂ ಇಲ್ಲ. ಬಿಸಿಲಿದ್ದ ದಿನ ಎಲ್ಲವೂ ಸರಿಯಾಗಿತ್ತು. ಮಳೆ ಬಂದ ದಿನ ಅಜ್ಜಿ ಮತ್ತೆ ಮಂಚದ ಮೇಲೆ.

ಮೂರನೆಯ ಮಳೆಗೆ ಛತ್ರಿ ಹಿಡಿದು, ಮ್ಯಾನ್‌ಹೋಲ್ ಮುಚ್ಚಳ ಒಂದೊಂದೇ ತೆಗೆಸುತ್ತಾ ದಿಬ್ಬದ ಬೀದಿಗೆ ಹತ್ತಿದೆ. ಅಲ್ಲೊಂದು ಮ್ಯಾನ್‌ಹೋಲಿನಲ್ಲಿ ತಿಳಿನೀರು ರಭಸವಾಗಿ ಹರಿಯುತ್ತಿತ್ತು, ಅದರ ಮೇಲೆ ಹೊಂಗೆ ಹೂವು ತೇಲುತ್ತಿತ್ತು! ಶೌಚದ ಪೈಪಿಗೆ ಹೊಂಗೆ ಹೂವು ಎಲ್ಲಿಂದ ಬರಬೇಕು? ತಲೆಯೆತ್ತಿ ನೋಡಿದರೆ ಸಾಲುಮನೆಗಳ ಮಾಳಿಗೆಗಳಿಂದ ಇಳಿದ ಪೈಪುಗಳೆಲ್ಲ ನೇರವಾಗಿ ಒಳಚರಂಡಿಯ ಗುಂಡಿಗೇ ಸೇರಿದ್ದವು. ಸಾವಿರ ಚದರ ಅಡಿಯ ಮಾಳಿಗೆ, ಒಂದು ಇಂಚು ಮಳೆ: 2,300 ಲೀಟರಿಗೂ ಹೆಚ್ಚು ನೀರು. ಐದು ಜನರ ಮನೆ ನಾಲ್ಕು ದಿನದಲ್ಲಿ ಬಿಡುವಷ್ಟು ನೀರು ಒಂದೇ ಗಂಟೆಯಲ್ಲಿ ಇಳಿದರೆ ಪೈಪು ಏನು ಮಾಡಬೇಕು? ತಗ್ಗಿನ ಮನೆಯ ಬಚ್ಚಲಿನಲ್ಲಿ ಮೇಲೇಳುತ್ತದೆ.

ಇನ್ನೂ ಇದೆ ಕೇಳಿ. ಸುದ್ದಿ ಹೇಳಲು ಅಜ್ಜಿಯ ಮನೆಗೆ ಹೋದವನು ಅವರ ಹಿತ್ತಿಲನ್ನೂ ನೋಡಿದೆ. ಅವರ ಮಾಳಿಗೆಯ ಪೈಪೂ ಒಳಚರಂಡಿಯ ಗುಂಡಿಗೇ ಇಳಿದಿತ್ತು. ಅಜ್ಜಿ ಸ್ವಲ್ಪವೂ ಅಳುಕಲಿಲ್ಲ. "ನನ್ನದು ಒಂದೇ ಪೈಪು ಅಲ್ಲವೇನಪ್ಪಾ?" ಎಂದರು. ಬೀದಿಯಲ್ಲಿ ಎಲ್ಲರದೂ ಒಂದೊಂದೇ ಪೈಪು!

ಸಮಯವಾಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ಹೇಳಬೇಕೆಂದಿದ್ದೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಿಳಿದದ್ದು ಬೆಂಗಳೂರಿನವರು ಬಳಸಿಬಿಟ್ಟ, ಆ ಎಂಬತ್ತು ಪಾಲಿನ ನೀರೇ. ಶುದ್ಧೀಕರಣ ಘಟಕಕ್ಕೆ ಮಳೆ ನೀರು ನುಗ್ಗಿದರೆ ಅಲ್ಲಿನ ಕೆಲಸವೂ ಕೆಡುತ್ತದೆ. ಮಾರ್ಕಂಡೇಯ ನದಿಯ ಯರಗೋಳ ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ನೀರು. ನಲ್ಲಿಯಲ್ಲಿ ನೂರು ಲೀಟರ್ ಹೆಚ್ಚು ಬಂದರೆ ಒಳಚರಂಡಿಗೆ ಎಂಬತ್ತು ಲೀಟರ್ ಹೆಚ್ಚು ಇಳಿಯುತ್ತದೆ ಎಂಬುದನ್ನು ಅಲ್ಲಿಯೂ ಲೆಕ್ಕ ಹಾಕಿಕೊಳ್ಳಿ.

ಮಾಳಿಗೆ ನೀರನ್ನು ನೆಲದೊಳಗಿನ ಸಂಪು ತೊಟ್ಟಿಗೆ ಬಿಡಿ, ಇಂಗುಗುಂಡಿಗೆ ಬಿಡಿ, ಏನೂ ಆಗದಿದ್ದರೆ ರಸ್ತೆ ಬದಿಯ ಚರಂಡಿಗೆ ಬಿಡಿ. ಇವತ್ತೇ ಹಿತ್ತಿಲಿಗೆ ಹೋಗಿ ಪೈಪು ಎಲ್ಲಿಗೆ ಇಳಿದಿದೆ ನೋಡಿ. ನಮಸ್ಕಾರ.