ಖಾಲಿ ಪಾತ್ರೆ ವಾಪಸ್ ಕೊಡದ ಪ್ರೋಟೀನು

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಕೆಳಗಿನ ಹಾಲ್‌ನಲ್ಲಿ ರಕ್ತ ಕೊಟ್ಟವರೂ ಊಟ ಮುಗಿಸಿ ಇಲ್ಲಿ ಬಂದು ಕೂತಿದ್ದೀರಿ, ತುಂಬಾ ಸಂತೋಷ. ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಯೊಬ್ಬರು ಚೀಲ ತುಂಬುವುದನ್ನೇ ನೋಡುತ್ತಾ ನನ್ನನ್ನು ಕೇಳಿದರು: "ರಕ್ತ ಕೆಂಪಗಿರಬೇಕಲ್ವೇನಪ್ಪಾ, ಇದ್ಯಾಕೆ ಇಷ್ಟು ಕಪ್ಪಗಿದೆ?"

ಒಳ್ಳೆ ಪ್ರಶ್ನೆ. ಚೀಲಕ್ಕೆ ಬರುವುದು ಮೈಯೆಲ್ಲಾ ಸುತ್ತಿ, ಆಕ್ಸಿಜನ್ ಹಂಚಿ, ವಾಪಸ್ ಹೊರಟ ರಕ್ತ. ಅದಕ್ಕೇ ಆ ಬಣ್ಣ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯೂ ಅಲ್ಲಿ ಆಗಿರುತ್ತದೆ. ಆ ಕೆಂಪು ರಕ್ತಕಣಗಳು ಒಂಚೂರು ಉಬ್ಬಿರುತ್ತವೆ. ಅವುಗಳ ಒಳಗೆ ಕ್ಲೋರೈಡ್ ಜಾಸ್ತಿಯಾಗಿರುತ್ತದೆ. ನಮ್ಮ ಅಡುಗೆ ಉಪ್ಪಿನಲ್ಲಿದೆಯಲ್ಲ, ಅದೇ ಕ್ಲೋರೈಡ್.

ಅದು ಒಳಗೆ ಹೋಗಿದ್ದು ಯಾಕೆ? ಮೈಯಲ್ಲಿ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಕಣದೊಳಗೆ ಸಲೀಸಾಗಿ ನುಗ್ಗುತ್ತದೆ. ಅಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಅನ್ನೋ ಕಿಣ್ವ ಅದನ್ನು ನೀರಿನ ಜೊತೆ ಸೇರಿಸಿ ಬೈಕಾರ್ಬನೇಟ್ ಮಾಡುತ್ತದೆ. ನಾವು ಹೊರಹಾಕುವ ಕಾರ್ಬನ್ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 70 ಪಾಲು ಶ್ವಾಸಕೋಶ ಮುಟ್ಟುವುದು ಈ ವೇಷದಲ್ಲೇ. ಅಷ್ಟನ್ನೂ ಕಣದೊಳಗೇ ಇಟ್ಟುಕೊಳ್ಳಲು ಜಾಗ ಸಾಲದು. ಹೊರಗಿನ ಪ್ಲಾಸ್ಮಾಕ್ಕೆ, ಅಂದರೆ ಕಣಗಳು ತೇಲುವ ದ್ರವಕ್ಕೆ, ಕಳಿಸಬೇಕು. ಆದರೆ ಬೈಕಾರ್ಬನೇಟಿಗೆ ಋಣ ಚಾರ್ಜ್ ಇದೆ. ಕಣದ ಪೊರೆ ಕೊಬ್ಬಿನದು, ಚಾರ್ಜ್ ಇರುವುದನ್ನು ಸುಮ್ನೆ ದಾಟಲು ಬಿಡುವುದಿಲ್ಲ.

ಇಲ್ಲಿ ನನಗೆ ನಮ್ಮ ಚಾಳ್ ನೆನಪಾಗುತ್ತದೆ. ಪಕ್ಕದ ಮನೆಯವರು ಡಬ್ಬಿಯಲ್ಲಿ ಪಾಯಸ ಕಳಿಸಿದರೆ ನಮ್ಮಮ್ಮ ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡುತ್ತಲೇ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದಳು. ಪೊರೆಯಲ್ಲಿ ಕೂತಿರುವ ಬ್ಯಾಂಡ್ 3 ಅನ್ನೋ ಪ್ರೋಟೀನಿನ ರೀತಿಯೂ ಇದೇ. ಒಂದು ಬೈಕಾರ್ಬನೇಟನ್ನು ಹೊರಗೆ ಬಿಟ್ಟರೆ ಒಂದು ಕ್ಲೋರೈಡನ್ನು ಹಿಡಿದೇ ಒಳಗೆ ತಿರುಗುತ್ತದೆ. ಬರಿಗೈಯಲ್ಲಿ ಅದು ಮಗ್ಗುಲು ಬದಲಿಸುವುದು ಬಹಳ ಅಪರೂಪ. ಒಂದಕ್ಕೆ ಒಂದು ಆದ್ದರಿಂದ ಚಾರ್ಜಿನ ಲೆಕ್ಕ ಏರುಪೇರಾಗುವುದಿಲ್ಲ. ಶ್ವಾಸಕೋಶ ಬಂದಾಗ ಎಲ್ಲವೂ ಉಲ್ಟಾ: ಬೈಕಾರ್ಬನೇಟ್ ಒಳಗೆ, ಕ್ಲೋರೈಡ್ ಹೊರಗೆ.

ಶ್ವಾಸಕೋಶದ ಸಣ್ಣ ರಕ್ತನಾಳದಲ್ಲಿ ಒಂದು ಕಣ ಇರುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಅಷ್ಟರಲ್ಲಿ ಕೆಲಸ ಆಗಬೇಕು. ಒಂದೊಂದು ಕಣದ ಮೇಲೂ ಬ್ಯಾಂಡ್ 3 ಸುಮಾರು 10 ಲಕ್ಷ ಇರುತ್ತದೆ. ಮೈಯ ಬಿಸಿಯಲ್ಲಿ ಒಂದೊಂದೂ ಸೆಕೆಂಡಿಗೆ ಹತ್ತಿರ ಹತ್ತಿರ 50,000 ಅಯಾನುಗಳನ್ನು, ಅಂದರೆ ಕ್ಲೋರೈಡ್, ಬೈಕಾರ್ಬನೇಟಿನಂಥ ಚಾರ್ಜ್ ಇರುವವನ್ನು, ದಾಟಿಸಬಲ್ಲದು. ಎಷ್ಟು ವರ್ಷ ಪಾಠ ಮಾಡಿದರೂ ಈ ಲೆಕ್ಕ ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹೆಸರಿನ ಕಥೆ ಸರಳ. ಕಣದಿಂದ ಹಿಮೋಗ್ಲೋಬಿನ್ ತೊಳೆದುಬಿಟ್ಟರೆ ಬಿಳಿ ಪೊರೆಯಷ್ಟೇ ಉಳಿಯುತ್ತದೆ. ಲ್ಯಾಬಿನಲ್ಲಿ ಅದನ್ನು ಘೋಸ್ಟ್ ಅಂತಾರೆ. ಅದರ ಪ್ರೋಟೀನುಗಳನ್ನು ಲೋಳೆಯಂಥ ಜೆಲ್‌ನಲ್ಲಿ ಕರೆಂಟ್ ಕೊಟ್ಟು ಓಡಿಸಿ ನೀಲಿ ಬಣ್ಣ ಹಾಕಿದರೆ ಪಟ್ಟೆಗಳು ಏಳುತ್ತವೆ. 1971ರಲ್ಲಿ ಅವಕ್ಕೆ ಮೇಲಿಂದ ನಂಬರ್ ಕೊಟ್ಟರು. ಇದು ಮೂರನೆಯದು, ಅಷ್ಟೇ. ಅಯಾನು ದಾಟಿಸುವುದು ಇದೇ ಅಂತ ಗೊತ್ತಾಗಿದ್ದು ಆಮೇಲೆ. ಕಬಾಂಚಿಕ್ ಮತ್ತು ರಾತ್‌ಸ್ಟೈನ್ ಅನ್ನುವವರು ಡಿಡ್ಸ್ ಎಂಬ ರಾಸಾಯನಿಕ ಹಾಕಿ ದಾಟುವುದನ್ನೇ ನಿಲ್ಲಿಸಿದರು. ಅದು ಹೋಗಿ ಅಂಟಿದ್ದು ಮೂರನೇ ಪಟ್ಟೆಗೆ.

ನಾನು ಮೊದಲ ಸಲ ಆ ಜೆಲ್ ಮಾಡಿದಾಗ ಬೇರೆ ಪಟ್ಟೆಗಳೆಲ್ಲ ಗೆರೆ ಎಳೆದ ಹಾಗಿದ್ದವು. ಮೂರನೆಯದು ಮಾತ್ರ ದಪ್ಪಗೆ, ಒದ್ದೆ ಬೆರಳಲ್ಲಿ ಒರೆಸಿದ ಶಾಯಿಯ ಹಾಗೆ ಹರಡಿತ್ತು. ಕೈ ತಪ್ಪಿತೇನೋ ಅಂದುಕೊಂಡು ಮತ್ತೆ ಮಾಡಿದೆ. ಮತ್ತೂ ಹಾಗೇ! ಆಮೇಲೆ ತಿಳೀತು: ಈ ಪ್ರೋಟೀನಿನ ಹೊರಮೈಗೆ ಒಂದು ಸಕ್ಕರೆಯ ಸರಪಳಿ ಇದೆ. ಒಂದರಲ್ಲಿ ಉದ್ದ, ಒಂದರಲ್ಲಿ ಗಿಡ್ಡ. ಅದಕ್ಕೇ ಹರಡುವುದು.

ಬೆಳಗ್ಗೆ ನಿಮ್ಮ ಕಾರ್ಡಿನಲ್ಲಿ ಬರೆದ ಎ, ಬಿ, ಓ ಗುರುತುಗಳು ಬಹುಪಾಲು ಇರುವುದು ಆ ಸರಪಳಿಯ ತುದಿಯಲ್ಲೇ. ಓ ಗುಂಪಿನವರಿಗೆ ತುದಿಯಲ್ಲಿ ಎಚ್ ಅನ್ನೋ ಗುರುತು ಇರುತ್ತದೆ. ಅದರ ಮೇಲೆ ಇನ್ನೊಂದು ಸಕ್ಕರೆ ಕೂತರೆ ಎ ಅಥವಾ ಬಿ. 1952ರಲ್ಲಿ ನಮ್ಮ ಇದೇ ಮುಂಬೈಯಲ್ಲಿ ಡಾ. ಭೆಂಡೆ ಮತ್ತು ಜೊತೆಯವರು ಆ ಎಚ್ ಕೂಡ ಇಲ್ಲದವರನ್ನು ಗುರುತಿಸಿದರು. ಅದೇ ಬಾಂಬೆ ಗುಂಪು. ಅವರ ಬ್ಯಾಂಡ್ 3 ಕ್ಲೋರೈಡ್ ದಾಟಿಸುವುದರಲ್ಲಿ ಏನೂ ಕಮ್ಮಿಯಿಲ್ಲ, ಆರೋಗ್ಯವೂ ಎಲ್ಲರ ಹಾಗೇ. ಆದರೆ ರಕ್ತ ಬೇಕಾದಾಗ ಓ ಕೂಡ ಹೊಂದುವುದಿಲ್ಲ, ಬಾಂಬೆ ಗುಂಪೇ ಬೇಕು.

ಕಣಗಳನ್ನಷ್ಟೇ ಪರೀಕ್ಷೆ ಮಾಡಿದರೆ ಬಾಂಬೆ ಗುಂಪು ಓ ತರಹವೇ ಕಾಣುತ್ತದೆ. ವ್ಯತ್ಯಾಸ ತಿಳಿಯಲು ಅವರ ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಓ ಕಣಗಳನ್ನು ಬೆರೆಸಬೇಕು; ಎಚ್ ಗುರುತು ಕಂಡರೆ ಅದು ಪರಕೀಯ ಅಂತ ಹಿಡಿದುಬಿಡುತ್ತದೆ. ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ: ಟ್ಯೂಬನ್ನು ಮೆಲ್ಲಗೆ ಅಲ್ಲಾಡಿಸಿದರೆ ತಿಳಿಯಾಗಿ ಹರಡಬೇಕಾದ ಕೆಂಪು, ಹಾಲು ಒಡೆದ ಹಾಗೆ ಸಣ್ಣ ಸಣ್ಣ ಗಂಟಾಗಿ ಎದ್ದಿತು. ಟೆಕ್ನಿಷಿಯನ್ ಹುಡುಗಿ ಟ್ಯೂಬನ್ನು ಬೆಳಕಿಗೆ ಹಿಡಿದು, "ಸರ್, ಇದು ಓ ಅಲ್ಲ" ಅಂದಳು. ಬರೆದಿಟ್ಟಿದ್ದ ಓ ಹೊಡೆದು ಹಾಕಿ, ಫೋನ್ ಎತ್ತಿಕೊಂಡಳು.