ಕಾಲು ಕಳಚಿಟ್ಟ ಸಿಂಡ್ರೆಲ್ಲಾ, 16 ಪುಟ ಕಳಕೊಂಡ ನಾನು

ಹಾಂ, ಕ್ಯಾಮೆರಾ ಓಡ್ತಿದೆ. ಅಕ್ಕಿ ರೊಟ್ಟಿ ಮಾಡ್ತಿದೀನಿ, ಕಾಣ್ತಿದೆಯಲ್ಲ, ಅದನ್ನ ಬಾಯಲ್ಲಿ ಬೇರೆ ವಿವರಿಸಲ್ಲ. ಇವತ್ತಿನ ಮಾತು ಪುಸ್ತಕದ್ದು.

ದಾವಣಗೆರೆಲಿರೋ ನಮ್ಮಕ್ಕನ ಮಗಳು ಎರಡು ತಿಂಗಳಿಂದ ತಲೆ ತಿಂತಿದ್ಲು. "ಚಿಕ್ಕಮ್ಮ, 'ಸಿಂಡರ್' ಓದಿದ್ರಾ?" ಮರಿಸ್ಸಾ ಮೇಯರ್ ಬರೆದಿದ್ದು, 2012ರದ್ದು. ಸಿಂಡ್ರೆಲ್ಲಾ ಕತೆನೇ, ಆದ್ರೆ ನಾಲ್ಕನೇ ಮಹಾಯುದ್ಧ ಮುಗಿದ ಎಷ್ಟೋ ವರ್ಷಕ್ಕೆ, ನ್ಯೂ ಬೀಜಿಂಗ್ ಅನ್ನೋ ಊರಲ್ಲಿ ನಡೆಯುತ್ತೆ. ಹುಡುಗಿ ಹೆಸರೂ ಸಿಂಡರ್, ಹದಿನಾರು ವರ್ಷದ ಮೆಕ್ಯಾನಿಕ್. ಅರ್ಧ ಯಂತ್ರ. ಅರ್ಧ ಅಂದ್ರೆ ಅರ್ಧ ಅಲ್ಲ, ಪುಸ್ತಕದಲ್ಲಿ ಲೆಕ್ಕ ಕೊಟ್ಟಿದಾರೆ, ಶೇ. 36.28. ಆ ಪಾಯಿಂಟ್ ಎರಡು ಎಂಟು ನನಗೆ ಬಹಳ ಹಿಡಿಸ್ತು. ರೇಷನ್ ಅಂಗಡಿ ತಕ್ಕಡಿ ಥರ!

ಈಗ ನನ್ನ ಗೋಳು ಕೇಳಿ. ಫುಟ್‌ಪಾತಲ್ಲಿ ತಗೊಂಡೆ. ಎಲ್ಲಿ, ಯಾರ ಹತ್ರ ಅಂತ ಹೇಳಲ್ಲ. 250 ಅಂದ್ರು, ಚೌಕಾಸಿ ಮಾಡಿ 180ಕ್ಕೆ ಇಳಿಸಿದೆ, ಗೆದ್ದೆ ಅಂದ್ಕೊಂಡು ಮನೆಗೆ ಬಂದೆ. ಮೂರು ದಿನ ಚೆನ್ನಾಗೇ ಓದಿಸ್ಕೊಂಡು ಹೋಯ್ತು. ಹುಡುಗಿ ಗುಜರಿಯಿಂದ ಎತ್ಕೊಂಡು ಬಂದ ಕಿತ್ತಳೆ ಬಣ್ಣದ ಹಳೇ ಪೆಟ್ರೋಲ್ ಕಾರನ್ನ ರಿಪೇರಿ ಮಾಡಿ, ಮಳೇಲಿ ಅರಮನೆಗೆ ಹೊರಟಿದಾಳೆ. ಕುಂಬಳಕಾಯಿ ರಥ ಅದೇನೇ, ಗೊತ್ತಾಯ್ತಲ್ಲ. ನಾನು ಕಾಫಿ ಪಕ್ಕಕ್ಕಿಟ್ಟು ಪುಟ ತಿರುಗಿಸ್ತೀನಿ, ಹುಡುಗಿ ಮತ್ತೆ ಮನೇಲೇ ಇದಾಳೆ! ಹಿಂದಿನ ರಾತ್ರಿ ಓದಿದ್ದೇ ಮಾತು. ಇದೇನು ಲೇಖಕಿ ಚಮತ್ಕಾರನಾ, ಕಾಲಯಾನನಾ ಅಂತ ಎರಡು ಪುಟ ಗಂಭೀರವಾಗಿ ಓದಿದೀನಿ, ನನ್ನ ಬುದ್ಧಿಗಿಷ್ಟು. ಆಮೇಲೆ ಪುಟದ ನಂಬರ್ ನೋಡಿದೆ. ಒಂದು ಫಾರಂ, ಅಂದ್ರೆ ಒಟ್ಟಿಗೆ ಮಡಚಿ ಸೇರಿಸೋ ಪುಟಗಳ ಕಟ್ಟು, ಎರಡು ಸಲ ಬೈಂಡ್ ಆಗಿದೆ. ಅದರ ಮುಂದಿನ 16 ಪುಟ ಇಲ್ಲವೇ ಇಲ್ಲ. ನೃತ್ಯದ ರಾತ್ರಿ, ಇಡೀ ಕತೆ ಯಾವುದಕ್ಕೆ ಕಾಯ್ತಿತ್ತೋ ಅದೇ ಮಾಯ.

ವಾಪಸ್ ತಗೊಂಡೋದ್ರೆ ಆ ಅಣ್ಣ ನಿಧಾನಕ್ಕೆ ಹೇಳ್ತಾರೆ, "ಮೇಡಂ, ಸಿಂಡ್ರೆಲ್ಲಾ ಕತೆ ತಾನೇ? ನಿಮಗೆ ಗೊತ್ತೇ ಇರುತ್ತಲ್ಲ." ನನಗೆ ಸಿಟ್ಟು ಬರೋಕಿಂತ ಮುಂಚೆ ನಗು ಬಂದ್ಬಿಡ್ತು. ಅದೇ ಅಲ್ವಾ ಇಂಥ ಪುಸ್ತಕದ ಮೇಲಿರೋ ದೊಡ್ಡ ತಕರಾರು? ಗೊತ್ತಿರೋ ಕತೆನ ಮತ್ತೆ ಯಾಕೆ ಹೇಳ್ಬೇಕು? ದುಡ್ಡಂತೂ ಕೊಡಲಿಲ್ಲ. ಇನ್ನೊಂದು 50 ಸೇರಿಸಿ ಬೇರೆ ಪುಸ್ತಕ ತಗೊಳ್ಳಿ ಅಂದ್ರು. ನಾನು ಪೆದ್ದಿ, ಸೇರಿಸಿದೆ.

ಆ 16 ಪುಟನ ಅಕ್ಕನ ಮಗಳು ಶಾಲೆ ಲೈಬ್ರರಿ ಪ್ರತಿಯಿಂದ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದ್ಲು. ಎಲ್ಲಾ ಫೋಟೋದಲ್ಲೂ ಅವಳ ಹೆಬ್ಬೆರಳು, ನೇರಳೆ ನೇಲ್ ಪಾಲಿಶು. ಇಡೀ ಪುಸ್ತಕದ ಅತ್ಯುತ್ತಮ ಜಾಗದಲ್ಲಿ ಎರಡು ಸಾಲು ಆ ಉಗುರಿನ ಕೆಳಗಿದೆ.

ಆ ಜಾಗ ಯಾವುದು ಅಂದ್ರೆ, ಗುಟ್ಟು ಬಿಟ್ಟುಕೊಡ್ತೀನಿ, ಬೇಡದವರು ರೊಟ್ಟಿ ಮಾತ್ರ ನೋಡಿ. ಮೆಟ್ಟಿಲಲ್ಲಿ ಅವಳ ಚಪ್ಪಲಿ ಬಿಚ್ಕೊಳ್ಳಲ್ಲ. ಕಾಲೇ ಬಿಚ್ಕೊಳ್ಳುತ್ತೆ. ಲೋಹದ ಪಾದ. ಅದೂ ಸುಮ್ಮನೆ ಬೆರಗು ಹುಟ್ಟಿಸೋಕಲ್ಲ. ಮೊದಲ ಪುಟದಲ್ಲೇ ಅವಳು ಸಂತೇಲಿ ಕೂತು ತುಕ್ಕು ಹಿಡಿದ ಸ್ಕ್ರೂ ಬಿಚ್ಚಿ, ವರ್ಷಗಳಿಂದ ಚಿಕ್ಕದಾಗೋಗಿದ್ದ ಪಾದನ ಕಳಚ್ತಾಳೆ. ಹೊಸದು ಹಾಕ್ಕೊಂಡ ಖುಷಿ ಎಷ್ಟು ದಿನ? ಮಲತಾಯಿ ಅದನ್ನ ಕಿತ್ಕೋತಾಳೆ. ಹಾಗಾಗಿ ಅರಮನೆಗೆ ಹೋಗೋದು ಆ ಚಿಕ್ಕ ಪಾದದಲ್ಲೇ. ಫ್ರೆಂಚ್ ಲೇಖಕ ಪೆರೋ ಸಿಂಡ್ರೆಲ್ಲಾ ಕತೆನ 1697ರಲ್ಲಿ ಬರೆದಾಗ ಗಾಜಿನ ಚಪ್ಪಲಿ. ಗ್ರಿಮ್ ಸೋದರರ ಕತೇಲಿ ಅಕ್ಕಂದಿರು ಚಪ್ಪಲಿಗೆ ಹಿಡಿಸೋಕೆ ಬೆರಳು, ಹಿಮ್ಮಡಿ ಕುಯ್ಕೋತಾರೆ. ಈ ಮೇಯರಮ್ಮ ಆ ನೋವನ್ನ ಎತ್ತಿ ನಾಯಕಿ ಕಾಲಿಗೇ ಜೋಡಿಸಿದಾರೆ. ಇದಕ್ಕೆ ನಾನು ಶರಣು.

ಊರಿನ ಬಗ್ಗೆ ಶರಣು ಇಲ್ಲ. ಸಿಂಡ್ರೆಲ್ಲಾನ ಚೀನಾಕ್ಕೆ ಕರ್ಕೊಂಡು ಹೋಗೋದು ತಪ್ಪಲ್ಲ, ಅಲ್ಲಿ 9ನೇ ಶತಮಾನದಲ್ಲೇ ಯೆ ಶಿಯನ್ ಅಂತ ಹುಡುಗಿ ಕತೆ ಬರೆದಿಟ್ಟಿದಾರೆ, ಮೀನಿನ ಮೂಳೆ ವರ ಕೊಡುತ್ತೆ, ಕಳೆದುಹೋಗೋದು ಚಿನ್ನದ ಚಪ್ಪಲಿ. ಆದ್ರೆ ಇಲ್ಲಿ ಮೊದಲ ಸಂತೆ ದಾಟಿದ ಮೇಲೆ ಬೀಜಿಂಗ್ ಬರೀ ಬೋರ್ಡಲ್ಲಿ ಉಳಿಯುತ್ತೆ. ಅರಮನೆ, ಆಸ್ಪತ್ರೆ, ಲಿಫ್ಟು.

ಅಯ್ಯೋ, ರೊಟ್ಟಿ! ಇಲ್ಲ, ಸರಿ ಇದೆ, ಒಂದು ಬದಿ ಸ್ವಲ್ಪ ಕೆಂಪಾಯ್ತು.

ಈ ಹಂಚು ನೋಡಿ ನೆನಪಾಯ್ತು. ಕನ್ನಡದಲ್ಲೂ ಒಬ್ಬ ಸಿಂಡ್ರೆಲ್ಲಾ ಇದಾಳೆ, ಹೆಸರೇ ಹಂಚಿ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕತೆ, 1982ರಲ್ಲಿ ಅಮೆರಿಕದ ಒಂದು ಸಿಂಡ್ರೆಲ್ಲಾ ಸಂಕಲನಕ್ಕೂ ಸೇರಿತು. ಚಿನ್ನದ ಕೂದಲ ಹುಡುಗಿ, ಸ್ವಂತ ಅಣ್ಣನೇ ಮದುವೆ ಆಗ್ತೀನಿ ಅಂತಾನೆ, ತಾಯಿ ಮಣ್ಣಿನ ಮುಖವಾಡ ಮಾಡಿಸಿ ಓಡಿಹೋಗು ಅಂತಾಳೆ. ಹಂಚಿನ ಮುಖ, ಅದಕ್ಕೇ ಹಂಚಿ. ಸಾಹುಕಾರರ ಮನೇಲಿ ಅಡುಗೆ ಮಾಡ್ಕೊಂಡಿರ್ತಾಳೆ. ಸಿಂಡರ್ ಗ್ಲೌಸಲ್ಲಿ ಲೋಹದ ಕೈ ಮುಚ್ಚಿಡೋದೂ ಅದೇ ಜಾತಿ ಕೆಲಸ. ಸಿಕ್ಕಿಬಿದ್ದರೆ ಕತೆ ಮುಗೀತು.

ನನ್ನ ಸಿಟ್ಟು ಇಲ್ಲೇ. ಸಿಂಡರ್ ಊರಲ್ಲಿ ಸೈಬೋರ್ಗ್, ಅಂದ್ರೆ ಅವಳ ಥರ ಅರ್ಧ ಯಂತ್ರ ಆದವರು, ಮನುಷ್ಯರೇ ಅಲ್ಲ. ಲಾಟರಿ ಎತ್ತಿ, ಲೆಟುಮೋಸಿಸ್ ಅನ್ನೋ ಪಿಡುಗಿನ ಔಷಧ ಪ್ರಯೋಗಕ್ಕೆ ಎಳ್ಕೊಂಡು ಹೋಗ್ತಾರೆ. ಇಷ್ಟು ದೊಡ್ಡ ಅನ್ಯಾಯ ಕಟ್ಟಿ ನಿಲ್ಲಿಸಿ, ಕೊನೇಲಿ ಏನಂತೆ? ಇವಳು ಚಂದ್ರಲೋಕದ ಕಳೆದುಹೋದ ರಾಜಕುಮಾರಿಯಂತೆ! ಮೆಕ್ಯಾನಿಕ್ ಆಗಿದ್ರೆ ಸಾಲದಾ? ಪೆರೋ ಸಿಂಡ್ರೆಲ್ಲಾಗೂ ಹುಟ್ಟಿನಿಂದ ರಾಜರಕ್ತ ಬೇಕಾಗಿರಲಿಲ್ಲ. ಅದೂ ಶುರುವಿನಲ್ಲೇ ಸುಳಿವು ಸಿಕ್ಕು, ನಾವು ಉಳಿದ ಮುನ್ನೂರು ಪುಟ ಅವಳಿಗೆ ಗೊತ್ತಾಗ್ಲಿ ಅಂತ ಕಾಯ್ಬೇಕು.

ಮೊದಲು ಇದಕ್ಕೇ ಪುಸ್ತಕ ಕೆಟ್ಟದು ಅಂತ ಅಕ್ಕನ ಮಗಳಿಗೆ ವಾಯ್ಸ್ ಮೆಸೇಜ್ ಹಾಕಿದ್ದೆ. ಆಮೇಲೆ ಐಕೋ ನೆನಪಾದ್ಲು, ಸಿಂಡರ್ ಜೊತೆಗಿರೋ ಬಾಯಿಬಡುಕಿ ರೋಬೋ. ಮಲತಾಯಿ ಅವಳನ್ನ ಬಿಡಿಭಾಗ ಮಾಡಿ ಮಾರಿದಾಗ ನಾನು ಮೆಟ್ರೋದಲ್ಲಿ ಅತ್ತಿದೀನಿ. ಸಿಂಡರ್‌ಗೆ ಅಳೋಕೆ ಆಗಲ್ಲ, ಕಣ್ಣೀರೇ ಬರಲ್ಲ ಅವಳಿಗೆ. ಪಕ್ಕದ ಅಜ್ಜಿ ನನಗೆ ಕರ್ಚೀಫ್ ಕೊಟ್ಟರು. ಕೆಟ್ಟ ಪುಸ್ತಕಕ್ಕೆ ಹಾಗೆ ಅಳು ಬರಲ್ಲ, ಹಾಗಾಗಿ ಮೆಸೇಜ್ ಡಿಲೀಟ್ ಮಾಡಿದೆ. ರಾಜಕುಮಾರಿ ವಿಷಯ ಮಾತ್ರ ಈಗಲೂ ಬೇಡವಾಗಿತ್ತು.

ಬ್ಯಾಟರಿ ಕೆಂಪಾಯ್ತು, ಬೇಗ ಹೇಳ್ತೀನಿ. ಆ 50 ಸೇರಿಸಿ ತಂದಿದ್ದು ಇದೇ ಸರಣಿಯ 'ಕ್ರೆಸ್'. ಗೋಪುರದ ಬದಲು ಉಪಗ್ರಹದಲ್ಲಿ ಕೂಡಿಹಾಕಿರೋ ರಪುಂಜಲ್. ಸರಣೀಲಿ ಇದು ಮೂರನೇದು, ಎರಡನೇದು ನನ್ನ ಹತ್ರ ಇಲ್ಲ. ಆದ್ರೆ ಈ ಸಲ ಅಂಗಡಿ ಮುಂದೇನೇ ನಿಂತು, ಬೆರಳಿಗೆ ಎಂಜಲು ಹಚ್ಕೊಂಡು, ಒಂದೊಂದೇ ಪುಟದ ನಂಬರ್ ಎಣಿಸಿದೀನಿ. ಆ ಅಣ್ಣ ಟೀ ತರಿಸಿಕೊಟ್ಟರು.